ಮೂಕವಾದ ತಟ್ಟೆ

ಮುಖವನ್ನು ಕಲ್ಲಿನಲ್ಲಿ ಕಡೆಯಬಹುದು. ಮಾತನ್ನು ಓಲೆಗರಿಯಲ್ಲಿ ಕೊರೆದಿಡಬಹುದು. ದನಿಯೊಂದು ಮಾತ್ರ ಬಾಯಿಂದ ಹೊರಟ ಕ್ಷಣವೇ ಗಾಳಿಯ ಪಾಲು. ಸಾವಿರಾರು ವರ್ಷಗಳ ಕಾಲ ಮನುಷ್ಯನು ಇದನ್ನು ದೈವಸಂಕಲ್ಪವೆಂದೇ ಒಪ್ಪಿಕೊಂಡಿದ್ದನು. ೧೮೭೭ರಲ್ಲಿ ಎಡಿಸನ್ನನು ಆಡಿದ ಮಾತನ್ನು ಮತ್ತೆ ಆಡಿಸುವ ಯಂತ್ರವನ್ನು ಮಾಡಿ ತೋರಿಸಿದ ಮೇಲೆ ಆ ಒಪ್ಪಿಗೆ ಸಡಿಲವಾಯಿತು. ಅಂದಿನಿಂದ ಮನೆಮನೆಯಲ್ಲಿಯೂ ಒಂದು ಹೊಸ ಆಸೆ ಹುಟ್ಟಿತು. ಆಸೆಯ ಹಿಂದೆಯೇ ಒಂದು ಹೊಸ ದುಃಖವೂ ಬಂದಿತು. ಹೋದ ದನಿಗಾಗಿ ಹಿಂದಿನವರು ಅಳುತ್ತಿದ್ದರು. ಕೈಯಲ್ಲಿದ್ದೂ ಕೇಳಿಸದ ದನಿಗಾಗಿ ಅಳುವ ಸರದಿ ಇಂದಿನವರದು.

ಕಲ್ಕತ್ತೆಯಲ್ಲಿ ೧೯೦೨ರ ನವೆಂಬರಿನಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯು ತುತ್ತೂರಿಯಂತಹ ಕೊಳವೆಯ ಎದುರು ನಿಂತು ಹಾಡಿದರು. ಮುದ್ರಿಸಿಕೊಂಡವನು ಫ್ರೆಡ್ ಗೈಸ್‌ಬರ್ಗ್ ಎಂಬ ಪರದೇಶದ ಕುಶಲಿ. ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಅಷ್ಟರಲ್ಲಿಯೇ ಆಕೆ ರಾಗವನ್ನು ಮುಗಿಸಿ, ಕಡೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿ ನಿಲ್ಲಿಸುತ್ತಿದ್ದರು. ಕಡೆಗಾಲದಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯವನ್ನು ಪಡೆದು, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಆ ಅರಗಿನ ತಟ್ಟೆಗಳಲ್ಲಿ ಉಳಿದುಬಂದವು ಇಂದಿಗೂ ಹಾಡುತ್ತವೆ. ಗೀರುಗಳುಂಟು, ಸಣ್ಣ ಮಳೆ ಬಿದ್ದಂತೆ ಚರಚರ ಸದ್ದುಂಟು, ಆದರೂ ಆ ಮಳೆಯ ಹಿಂದೆ ಒಬ್ಬ ಹೆಂಗಸು ನಿಂತು ಹಾಡುತ್ತಿರುವುದರಲ್ಲಿ ಸಂದೇಹವಿಲ್ಲ. ಹಳೆಯ ತಟ್ಟೆಯು ಮುದಿತನವನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ವರ್ಷ ವರ್ಷಕ್ಕೂ ಒಂದಿಷ್ಟು ಕೆಮ್ಮು ಹೆಚ್ಚು, ಒಂದಿಷ್ಟು ಕಂಠ ಕಡಿಮೆ. ಮನೆಯವರಿಗೆ ಎಚ್ಚರಿಕೆ ತಾನಾಗಿಯೇ ದೊರಕುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಸ್ವಭಾವ ಸಿ.ಡಿ. ಎಂದು ಎಲ್ಲರೂ ಕರೆಯುವ ಹೊಳೆಯುವ ತಟ್ಟೆಯದು. ಅದರಲ್ಲಿಯೂ ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದಲ್ಲ. ಅಂಗಡಿಯಲ್ಲಿಯೋ ಮನೆಯಲ್ಲಿಯೋ ಕಂಪ್ಯೂಟರಿನಿಂದ ‘ಬರ್ನ್’ ಮಾಡಿಸಿದ್ದು. ಅದರ ಆರೋಗ್ಯ ಕೆಡುತ್ತಿರುವ ಸುಳಿವು ಹೊರಗೆ ಕಾಣದು. ಕಡೆಯ ದಿನದವರೆಗೂ ಎಳೆಯ ಕಂಠದಲ್ಲಿಯೇ ಹಾಡಿ, ಒಂದು ಬೆಳಿಗ್ಗೆ ಏಕಾಏಕಿ ಬಾಯಿ ಮುಚ್ಚುತ್ತದೆ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಮನೆಯಲ್ಲಿ ೨೦೨೪ರ ಮದುವೆಯ ಕಾಲಕ್ಕೆ ಹೀಗೆಯೇ ಆಯಿತು.

ಆ ಮನೆಯ ಅಜ್ಜಿಗೆ ಹಸೆಯ ಹಾಡುಗಳೆಲ್ಲ ಬಾಯಿಪಾಠವಾಗಿದ್ದುವು. ಎಣ್ಣೆ ಹಚ್ಚುವಾಗಿನ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಕಡೆಯಲ್ಲಿ ಕೇಳಿದವರ ಕಣ್ಣು ಒದ್ದೆಯಾಗುವ ಹೆಣ್ಣೊಪ್ಪಿಸುವ ಹಾಡು. ಇವು ಅಚ್ಚಿನ ಪುಸ್ತಕದಿಂದ ಬಂದವಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದು, ಅಲ್ಲಲ್ಲಿ ಒಂದು ಮಾತು ಬದಲಾಗಿ, ಆ ಮನೆಯ ಧಾಟಿಯಲ್ಲಿ ನಿಂತವು. ಅಜ್ಜಿಯ ಮಗ, ಅಧ್ಯಾಪಕರಾಗಿದ್ದ ರಾಯರು, ೨೦೦೩ರ ಚಳಿಗಾಲದಲ್ಲಿ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟನ್ನು ತಂದು, ಎರಡು ಮಧ್ಯಾಹ್ನ ತಾಯಿಯನ್ನು ಕೂರಿಸಿಕೊಂಡು ಹದಿನಾಲ್ಕು ಹಾಡುಗಳನ್ನು ಮುದ್ರಿಸಿಕೊಂಡರು. ಮದುವೆಯಲ್ಲಿ ನಡೆಯುವ ಕ್ರಮದಲ್ಲಿಯೇ ಹಾಡುವೆನೆಂದು ಅಜ್ಜಿ ಹಟ ಹಿಡಿದರಂತೆ. ಹಾಗಾಗಿ ಹೆಣ್ಣೊಪ್ಪಿಸುವ ಹಾಡು ಎಲ್ಲಕ್ಕೂ ಕಡೆಯದಾಯಿತು.

ಮರುವರ್ಷ ಪಟ್ಟಣದ ಅಂಗಡಿಯೊಂದರಲ್ಲಿ ಆ ಕ್ಯಾಸೆಟ್ಟಿನಿಂದ ಒಂದು ಸಿ.ಡಿ. ಮಾಡಿಸಿದರು. ಕ್ಯಾಸೆಟ್ಟಿನ ನಾಡೆ ಸಿಕ್ಕಿಕೊಳ್ಳುತ್ತದೆ, ಸವೆಯುತ್ತದೆ, ಸಿ.ಡಿ.ಯಾದರೆ ನೂರು ವರ್ಷ ಎಂದು ಅಂಗಡಿಯವನು ಧೈರ್ಯ ಹೇಳಿದನು. ಅವನನ್ನು ದೂರುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ೨೦೦೩ರಲ್ಲಿ ಹೊರಡಿಸಿದ ಕೈಪಿಡಿಯಲ್ಲಿಯೂ, ಇಂತಹ ತಟ್ಟೆಗಳು ತಕ್ಕ ರೀತಿಯಲ್ಲಿ ಇಟ್ಟರೆ ನೂರರಿಂದ ಇನ್ನೂರು ವರ್ಷಕ್ಕೂ ಮೀರಿ ಬಾಳುವುವೆಂಬ ತಯಾರಕರ ಅಭಿಪ್ರಾಯ ದಾಖಲಾಗಿದೆ. ‘ತಕ್ಕ ರೀತಿಯಲ್ಲಿ’ ಎಂಬ ಆ ಎರಡು ಪದಗಳು ಮಾತ್ರ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಉದುರಿಹೋದುವು. ರಾಯರು ನಿಶ್ಚಿಂತರಾಗಿ ಅದೇ ಕ್ಯಾಸೆಟ್ಟಿನ ಮೇಲೆ ರೇಡಿಯೋದಲ್ಲಿ ಬರುತ್ತಿದ್ದ ಒಂದು ಪ್ರವಚನವನ್ನು ತುಂಬಿಕೊಂಡರು. ಸಿ.ಡಿ.ಯ ಬೆನ್ನಿಗೆ ಅಜ್ಜಿಯ ಭಾವಚಿತ್ರವಿದ್ದ ದುಂಡನೆಯ ಅಂಟುಕಾಗದವನ್ನು ಹಚ್ಚಿಸಿ, ನಡುಮನೆಯ ಗಾಜಿನ ಕಪಾಟಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ನಿಲ್ಲಿಸಿದರು. ೨೦೦೯ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಒಂದೆರಡು ಸಲ ಹಾಕಿ ಕೇಳಿದರು, ಅಳು ಬಂದಿತು, ನಿಲ್ಲಿಸಿದರು. ಆ ಮೇಲೆ ಅದು ಕಪಾಟಿನಲ್ಲಿಯೇ ನಿಂತಿತು.

ಮೊಮ್ಮಗಳ ಮದುವೆ ಗೊತ್ತಾಗಿ, ಅಜ್ಜಿಯ ಹಾಡಿನಿಂದಲೇ ಹೆಣ್ಣೊಪ್ಪಿಸಬೇಕೆಂದು ಆ ಹುಡುಗಿ ಆಸೆಪಟ್ಟಾಗ ತಟ್ಟೆ ಹೊರಗೆ ಬಂದಿತು. ಮೊದಲ ಕಷ್ಟವೆಂದರೆ ಅದನ್ನು ಹಾಕಲು ಮನೆಯಲ್ಲಿದ್ದ ಹೊಸ ಕಂಪ್ಯೂಟರುಗಳಲ್ಲಿ ಬಾಯಿಯೇ ಇಲ್ಲ. ಅಟ್ಟದ ಮೇಲಿದ್ದ ಹಳೆಯ ಡಿ.ವಿ.ಡಿ. ಯಂತ್ರವನ್ನು ಇಳಿಸಿ ಒರಸಿ ಹಾಕಿದರೆ, ಅದು ಒಂದು ಗಳಿಗೆ ಗಿರಗಿರನೆ ತಿರುಗಿಸಿ, ಒಳಗೆ ತಟ್ಟೆಯೇ ಇಲ್ಲವೆಂದು ತೋರಿಸಿತು. ಇರುವುದನ್ನು ಇಲ್ಲವೆನ್ನುವ ಈ ಯಂತ್ರದ ಮೇಲೆ ರಾಯರಿಗೆ ಬಂದ ಕೋಪ ಅಷ್ಟಿಷ್ಟಲ್ಲ. ನೆರೆಯವರು ತಮಗೆ ತೋರಿದ ಚಿಕಿತ್ಸೆ ಹೇಳಿದರು. ಒಬ್ಬರು ಹಲ್ಲುಪುಡಿಯ ಪೇಸ್ಟಿನಿಂದ ತಿಕ್ಕಬೇಕೆಂದರು. ಇನ್ನೊಬ್ಬರು ಬಾಳೆಹಣ್ಣಿನ ಸಿಪ್ಪೆಯೆಂದರು. ಮೂರನೆಯವರು, ಅಡಕೆ ತೋಟದಲ್ಲಿ ಕಟ್ಟಿದರೆ ಹಕ್ಕಿಯನ್ನಾದರೂ ಬೆದರಿಸೀತು ಎಂದರು. ಮೂರನೆಯವರು ಅಂದು ಕಾಫಿ ಕುಡಿಯದೆಯೇ ಹೋಗಬೇಕಾಯಿತು.

ಕಂಪ್ಯೂಟರಿನ ಕೆಲಸದಲ್ಲಿದ್ದ ರಾಯರ ಸೋದರಳಿಯನು ಯುಗಾದಿಗೆ ಬಂದವನು ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಅಡ್ಡಲಾಗಿ ಎತ್ತಿ ನೋಡಿದನು. “ಮಾವ, ಇದಕ್ಕೆ ಏಟು ಬಿದ್ದಿರುವುದು ಹೊಳೆಯುವ ಕಡೆಯಲ್ಲ, ಅಜ್ಜಿಯ ಚಿತ್ರವಿರುವ ಕಡೆ” ಎಂದನು.

ಈ ಮಾತು ತಿಳಿಯಬೇಕಾದರೆ ತಟ್ಟೆಯ ಕಟ್ಟಡವನ್ನು ಸ್ವಲ್ಪ ತಿಳಿಯಬೇಕು. ಹೊಳೆಯುವ ಕಡೆಯೇ ಕೋಮಲವೆಂದೂ ಬೆನ್ನು ಗಟ್ಟಿಯೆಂದೂ ಎಲ್ಲರೂ ಭಾವಿಸುವರು. ನಿಜ ಇದಕ್ಕೆ ತಿರುಗುಮುರುಗು. ಕೆಳಗಿನದು ಸುಮಾರು ಒಂದು ಕಾಲು ಮಿಲಿಮೀಟರು ದಪ್ಪದ ಪಾರದರ್ಶಕವಾದ ಪ್ಲಾಸ್ಟಿಕ್ಕು. ಅದರ ಮೇಲೆ ಗೀರು ಬಿದ್ದರೆ ನಯವಾಗಿ ಉಜ್ಜಿ ಸರಿಪಡಿಸುವುದೂ ಉಂಟು. ಅದರ ಬೆನ್ನಿಗೆ ತೆಳ್ಳನೆಯ ಒಂದು ಬಣ್ಣದ ಲೇಪ; ಬಣ್ಣದ ಮೇಲೆ ಕನ್ನಡಿಯಂತೆ ಬೆಳ್ಳಿಯ ಲೇಪ; ಬೆಳ್ಳಿಯ ಮೇಲೆ ಅರಗೆಣ್ಣೆಯಂತಹ ಒಂದು ಪೊರೆ. ಆ ಪೊರೆಗೆ ಕೂದಲೆಳೆಯಷ್ಟು ದಪ್ಪವೂ ಇಲ್ಲ. ಹಾಡು ಇರುವುದು ಬಣ್ಣದಲ್ಲಿ. ಬರೆಯುವ ಯಂತ್ರವು ಬೆಳಕಿನ ಸೂಜಿಯಿಂದ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ‘ಬರ್ನ್’ ಎಂಬ ಮಾತು ಅಲಂಕಾರವಲ್ಲ, ಅಕ್ಷರಶಃ ದಹನವೇ. ಓದುವ ಯಂತ್ರವು ಅದಕ್ಕಿಂತ ಮೃದುವಾದ ಬೆಳಕನ್ನು ಬಿಟ್ಟು, ಸುಟ್ಟ ಕಡೆಗೂ ಸುಡದ ಕಡೆಗೂ ಕನ್ನಡಿಯಿಂದ ಮರಳುವ ಬೆಳಕಿನ ಭೇದವನ್ನು ಎಣಿಸುತ್ತ ಹೋಗುತ್ತದೆ. ಈ ಗುರುತುಗಳ ಸಾಲು ನಡುವಿನಿಂದ ಹೊರಟು ಸುರುಳಿಯಾಗಿ ಅಂಚಿನ ಕಡೆಗೆ ಸಾಗುತ್ತದೆ; ತುಂಬಿದ ತಟ್ಟೆಯ ಸುರುಳಿಯನ್ನು ಬಿಚ್ಚಿ ಚಾಚಿದರೆ ಐದು ಕಿಲೋಮೀಟರಿಗೂ ಮಿಗಿಲು. ಒಂದು ಸೆಕೆಂಡಿನ ಹಾಡಿಗೆ, ಎಡಗಿವಿಗೆ ನಲವತ್ತನಾಲ್ಕು ಸಾವಿರದ ನೂರು ಅಂಕಿಗಳು, ಬಲಗಿವಿಗೆ ಅಷ್ಟೇ. ಅಜ್ಜಿಯು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಯಂತ್ರವು ಲಕ್ಷದ ಸಮೀಪ ಎಣಿಸಿರುತ್ತದೆ.

ಹತ್ತಾರು ವರ್ಷ ಗಾಜಿನ ಕಪಾಟಿನಲ್ಲಿ ಸಂಜೆಯ ಬಿಸಿಲಿಗೆ ಮುಖವೊಡ್ಡಿ ನಿಂತ ತಟ್ಟೆಯ ಬಣ್ಣ ಮಾಸಿದ್ದಿತು. ಹಸಿರು ನೀಲಿಯಾಗಿ ಕಾಣುವ ಆ ಜಾತಿಯ ಬಣ್ಣಕ್ಕೆ ಬಿಸಿಲೆಂದರೆ ಆಗದು. ಬೆನ್ನಿಗೆ ಹಚ್ಚಿದ ಅಂಟುಕಾಗದವು ಮಳೆಗಾಲದ ಥಂಡಿಯನ್ನು ಹೀರಿ ಅಂಚಿನಲ್ಲಿ ಬಿರಿದು ಎದ್ದಿತ್ತು. ಏಳುವಾಗ ಪೊರೆಯನ್ನೂ ಬೆಳ್ಳಿಯನ್ನೂ ಉಗುರಿನಗಲ ಕಿತ್ತುಕೊಂಡೇ ಎದ್ದಿತ್ತು. ಆ ಕಿಂಡಿಯಲ್ಲಿ ಆಚೆಯ ಬೆಳಕು ಕಾಣುತ್ತಿದ್ದಿತು. ಅಜ್ಜಿಯ ನೆನಪಿಗಾಗಿ ಮಾಡಿದ ಎರಡು ಉಪಚಾರಗಳೇ, ಎಂದರೆ ಚಿತ್ರವೂ ಕಪಾಟೂ, ಅವಳ ದನಿಯನ್ನು ತಿಂದಿದ್ದುವು. ಕಪ್ಪು ಪೆಟ್ಟಿಗೆಯೊಂದರಲ್ಲಿ ಹಾಕಿ ಮರೆತಿದ್ದರೆ ಅದು ಬಹುಶಃ ಬದುಕುತ್ತಿದ್ದಿತು.

ಹಾಗಾದರೆ ಇಷ್ಟು ದಿನ ಅದು ಹೇಗೆ ಹಾಡಿತು? ಇಲ್ಲಿಯೇ ಈ ತಟ್ಟೆಯ ಚಮತ್ಕಾರವಿರುವುದು. ೧೯೬೦ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಅಮೆರಿಕದ ಗಣಿತಜ್ಞರು, ಅಂಕಿಗಳ ಜೊತೆಗೆ ಕೆಲವು ಕಾವಲಂಕಿಗಳನ್ನು ಲೆಕ್ಕಹಾಕಿ ಸೇರಿಸಿದರೆ, ನಡುವೆ ಕೆಲವು ಅಳಿದರೂ ಉಳಿದವುಗಳಿಂದ ಅಳಿದುದನ್ನು ಮತ್ತೆ ಕಟ್ಟಬಹುದೆಂದು ತೋರಿಸಿದರು. ನಮ್ಮ ವೈದಿಕರಿಗೆ ಈ ಬಗೆಯ ಯೋಚನೆ ಹೊಸದೆನಿಸಲಾರದು. ಬರಹದ ಆಸರೆಯಿಲ್ಲದೆ ಮಂತ್ರವನ್ನು ಕಾಪಾಡಲು ಅವರು ಕ್ರಮ, ಜಟೆ, ಘನ ಎಂಬ ಪಾಠಗಳನ್ನು ಏರ್ಪಡಿಸಿದರು. ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಪದಗಳನ್ನು ಹಿಂದಕ್ಕೂ ಮುಂದಕ್ಕೂ ಹೆಣೆದು ಹೇಳುವ ಘನಪಾಠಿಯ ಬಾಯಲ್ಲಿ ಒಂದು ಪದ ಜಾರಿದರೆ ಹೆಣಿಗೆಯೇ ದೂರು ಕೊಡುತ್ತದೆ. ತಟ್ಟೆಯ ಹೆಣಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಒಂದು ಕ್ಷಣದ ಅಂಕಿಗಳನ್ನು ಒಂದೆಡೆ ಇಡದೆ ದೂರ ದೂರಕ್ಕೆ ಚೆದುರಿಸಿರುತ್ತಾರೆ. ಸಂಸಾರಸ್ಥನು ಹಣವನ್ನೆಲ್ಲ ಒಂದೇ ಗಡಿಗೆಯಲ್ಲಿ ಹೂಳದಂತೆ. ಹೀಗಾಗಿ ಸಾಲಿನಲ್ಲಿ ಎರಡೂವರೆ ಮಿಲಿಮೀಟರು ಉದ್ದ ಪೂರ್ತಿ ಅಳಿದರೂ ಕಿವಿಗೆ ಒಂದು ಸ್ವರವೂ ತಪ್ಪದೆ ಹಾಡು ಬರುತ್ತದೆ. ಅದಕ್ಕೂ ಮೀರಿದರೆ, ಇತ್ತಣ ಸ್ವರವನ್ನೂ ಅತ್ತಣ ಸ್ವರವನ್ನೂ ನೋಡಿ ನಡುವಿನದನ್ನು ಯಂತ್ರವು ಊಹಿಸಿ ತುಂಬುತ್ತದೆ. ಅದೂ ಆಗದಿದ್ದರೆ ಮೌನ.

ಮನೆಯ ಹಿರಿಯರು ಕೆಲವರು ತಮ್ಮ ಕಾಯಿಲೆಯನ್ನು ಮಕ್ಕಳಿಗೆ ತಿಳಿಸದೆ ನಗುನಗುತ್ತ ಓಡಾಡಿ ಒಂದು ದಿನ ಕುಸಿಯುವುದುಂಟಲ್ಲವೆ? ಈ ತಟ್ಟೆಯ ಸೌಜನ್ಯ ಆ ಬಗೆಯದು. ಬಣ್ಣ ಮಾಸುತ್ತಿದ್ದಂತೆ ಒಳಗಿನ ಗಣಿತವು ಹಗಲಿರುಳು ತೇಪೆ ಹಾಕಿತು; ಕೇಳುವವರಿಗೆ ತಿಳಿಯಗೊಡಲಿಲ್ಲ. ತೇಪೆಗೂ ಬಟ್ಟೆ ಸಾಲದಾದ ದಿನ ಎಲ್ಲವೂ ಒಟ್ಟಿಗೆ ಹರಿಯಿತು. ಅರಗಿನ ತಟ್ಟೆಯ ಚರಚರ ಸದ್ದನ್ನು ದೋಷವೆಂದು ಹಳಿದವರು, ಅದೊಂದು ಎಚ್ಚರಿಕೆಯೆಂದು ಎಣಿಸಿರಲಿಲ್ಲ.

ಸೋದರಳಿಯನು ಮೊದಲು ಮಾಡಿದ್ದು ತೀರ ಸರಳವಾದ ಕೆಲಸ. ಅಂಟುಕಾಗದವನ್ನು ಕೀಳಲು ಹೊರಟಿದ್ದ ರಾಯರ ಕೈಯನ್ನು ತಡೆದನು. ಕಿತ್ತರೆ ಕಾಗದದ ಜೊತೆಗೆ ಬೆಳ್ಳಿಯೂ ಬರುವುದು. ಕೆಳಮುಖವನ್ನು ಮಾತ್ರ ಸಾಬೂನಿನ ತಿಳಿನೀರಿನಿಂದ, ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ, ನಡುವಿನಿಂದ ಅಂಚಿಗೆ ನೇರವಾಗಿ ಒರಸಿದನು. ದುಂಡಗೆ ತಿಕ್ಕಬಾರದು. ದುಂಡಗಿನ ಗೀರು ಸುರುಳಿಯ ಜಾಡಿನಲ್ಲಿಯೇ ಉದ್ದಕ್ಕೂ ಸಾಗಿ ಸಾಲಾಗಿ ಅಂಕಿಗಳನ್ನು ನುಂಗುತ್ತದೆ. ಅಡ್ಡ ಗೀರು ಪ್ರತಿ ಸುತ್ತಿಗೂ ತುಸುವೇ ತಿನ್ನುತ್ತದೆ, ಆ ತುಸುವನ್ನು ಗಣಿತವು ತುಂಬಿಕೊಳ್ಳುತ್ತದೆ. ಆಮೇಲೆ ಊರಿನಲ್ಲಿ, ಗೆಳೆಯರ ಮನೆಗಳಲ್ಲಿ, ಹಳೆಯ ಸಾಮಾನಿನ ಅಂಗಡಿಯಲ್ಲಿ ತಡಕಿ ನಾಲ್ಕು ಓದುವ ಯಂತ್ರಗಳನ್ನು ಕೂಡಿಸಿದನು. ಒಂದೊಂದು ಯಂತ್ರದ ಕಣ್ಣು ಒಂದೊಂದು ಹದದ್ದು. ಒಂದಕ್ಕೆ ಕುರುಡಾದದ್ದು ಇನ್ನೊಂದಕ್ಕೆ ಮಬ್ಬಾಗಿಯಾದರೂ ಕಾಣುವುದುಂಟು. ಮೂರು ಯಂತ್ರಗಳು ತಟ್ಟೆಯೇ ಇಲ್ಲವೆಂದುವು. ನಾಲ್ಕನೆಯದು, ಎಲ್ಲಕ್ಕಿಂತ ಹಳೆಯದು, ಬಹಳ ಹೊತ್ತು ಯೋಚಿಸಿ, ಹದಿನಾಲ್ಕು ಹಾಡುಗಳುಂಟೆಂದು ಒಪ್ಪಿಕೊಂಡಿತು. ತಟ್ಟೆಯ ನಡುವಿನ ಅಂಚಿನಲ್ಲಿರುವ ಪರಿವಿಡಿ ಅದಕ್ಕೆ ಓದಿಸಿದ್ದಿತು. ರಾಯರು ಎದ್ದು ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದರು.

ಪರಿವಿಡಿ ಸಿಕ್ಕಿತೆಂದರೆ ಪುಸ್ತಕ ಸಿಕ್ಕಿತೆಂದಲ್ಲ. ಯಂತ್ರವನ್ನು ಆದಷ್ಟು ನಿಧಾನವಾಗಿ ಓಡಿಸಿ, ಒಂದೊಂದು ಸೆಕೆಂಡನ್ನು ಎಪ್ಪತ್ತೈದು ತುಣುಕಾಗಿ, ಒಂದೊಂದು ತುಣುಕನ್ನು ಮತ್ತೆ ಮತ್ತೆ ಓದಿಸಿ, ಎರಡು ಓದುಗಳು ಕೂಡಿದರೆ ಮಾತ್ರ ಒಪ್ಪುವ ಕ್ರಮವನ್ನು ಅವನು ಹಿಡಿದನು. ಅದಕ್ಕೆಂದೇ ಮಾಡಿದ ತಂತ್ರಾಂಶಗಳು ಹಿಂದಿನಿಂದಲೂ ಇವೆ; ‘ಸಿ.ಡಿ. ಪ್ಯಾರನೋಯಾ’ ಎಂಬುದು ಅವುಗಳಲ್ಲೊಂದು. ಹೆಸರಿನಂತೆಯೇ ಅದು ಸಂಶಯದ ಪ್ರಾಣಿ. ತಾನು ಓದಿದ್ದನ್ನೂ ತಾನು ನಂಬದೆ, ಹಿಂದಿನ ತುಣುಕಿನ ಕೊನೆಯನ್ನು ಮುಂದಿನದರ ಮೊದಲಿಗೆ ತಾಳೆ ನೋಡುತ್ತದೆ. ಎಪ್ಪತ್ತಾರು ನಿಮಿಷದ ಹಾಡಿಗೆ ಎರಡು ರಾತ್ರಿ ಒಂದು ಹಗಲು ಹಿಡಿಯಿತು. ಮನೆಯವರು ಪರೀಕ್ಷೆಯ ಕೊಠಡಿಯ ಮುಂದೆ ನಡೆಯುವಂತೆ ಮೆಲ್ಲನೆ ನಡೆದರು. ಯಂತ್ರವು ಒಮ್ಮೊಮ್ಮೆ ಕರಕರನೆ ತಡವರಿಸಿ ನಿಂತಾಗ ಅಡಿಗೆಮನೆಯಲ್ಲಿ ಕೈಗಳೂ ನಿಲ್ಲುತ್ತಿದ್ದುವು.

ಮೊದಲ ಹತ್ತು ಹಾಡುಗಳು ಬಹುಮಟ್ಟಿಗೆ ಇಡಿಯಾಗಿ ಬಂದುವು. ಏಳನೆಯ ಹಾಡಿನ ನಡುವೆ ಅಜ್ಜಿಯು ಹಾಡು ನಿಲ್ಲಿಸಿ, “ಹಾಲು ಉಕ್ಕುತ್ತದೆ ನೋಡೇ” ಎಂದು ಸೊಸೆಯನ್ನು ಕೂಗಿ, ಬಿಟ್ಟ ಮಾತಿನಿಂದಲೇ ಮತ್ತೆ ಎತ್ತಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಅಂದು ಕೂಗಿಸಿಕೊಂಡ ಸೊಸೆ, ಈಗ ಅರವತ್ತು ದಾಟಿದವರು, ಬಾಗಿಲಲ್ಲಿ ನಿಂತಿದ್ದವರು, ಒಂದು ಹೆಜ್ಜೆ ಅಡಿಗೆಮನೆಯ ಕಡೆಗೆ ಇಟ್ಟೇಬಿಟ್ಟರು. ಹಾಡಿಗೆ ಸಂಬಂಧವಿಲ್ಲದ ಆ ಮಾತನ್ನು ತೆಗೆದು ಹೊಲಿದುಬಿಡಬಹುದೆಂದು ಹುಡುಗನು ಸೂಚಿಸಿದನು. “ಹದಿನಾಲ್ಕು ಹಾಡು ಹೋದರೂ ಹೋಗಲಿ, ಅದನ್ನು ಮುಟ್ಟಬೇಡ” ಎಂದರು ರಾಯರು.

ಹನ್ನೊಂದರಿಂದ ಕಷ್ಟ ತೊಡಗಿತು. ಹಾಡು ನಡುವಿನಿಂದ ಅಂಚಿಗೆ ಸಾಗುವುದಷ್ಟೆ; ಅಂಚಿನಲ್ಲಿಯೇ ಬೆಳ್ಳಿ ಎದ್ದಿರುವುದು. ಎಲ್ಲಕ್ಕೂ ಕಡೆಯಲ್ಲಿ ಹಾಡಿದ ಹೆಣ್ಣೊಪ್ಪಿಸುವ ಹಾಡು ಸರಿಯಾಗಿ ಆ ಕಿಂಡಿಯ ಸುತ್ತಿನಲ್ಲಿಯೇ ಬಿದ್ದಿತ್ತು. ಮೊದಲ ಎರಡು ನುಡಿಗಳು ಸೆಕೆಂಡಿಗೆ ಮೂರು ನಾಲ್ಕು ಸಲ ಟಕ್ ಟಕ್ ಎಂಬ ಸದ್ದಿನೊಡನೆ, ತಟ್ಟೆಯ ಸುತ್ತಿಗೊಂದರಂತೆ, ಕುಂಟುತ್ತ ಬಂದುವು. ಮೂರನೆಯ ನುಡಿ ಎತ್ತಿದೊಡನೆ ಯಂತ್ರವು ಜಾಡನ್ನೇ ಕಳೆದುಕೊಂಡಿತು. ಬಣ್ಣ ಮಾಸಿದ್ದರೆ ಸಲಹಿಕೊಳ್ಳಬಹುದು. ಕನ್ನಡಿಯೇ ಇಲ್ಲದ ಕಡೆ ಯಾವ ಬೆಳಕು ಮರಳೀತು? ಇನ್ನೆರಡು ಯಂತ್ರಗಳನ್ನು ತಂದು ನೋಡಿದ್ದಾಯಿತು. ಬರಲಿಲ್ಲ.

ಆಗ ಸೋದರಳಿಯನು ಇನ್ನೊಂದು ದಾರಿ ಹೇಳಿದನು. ಈಚಿನ ವರ್ಷಗಳಲ್ಲಿ ಬಂದಿರುವ ಕೃತಕ ಬುದ್ಧಿಯ ಯಂತ್ರಗಳು, ಒಬ್ಬರ ದನಿಯನ್ನು ಕೆಲವು ನಿಮಿಷ ಕೇಳಿ, ಅವರು ಆಡದ ಮಾತನ್ನೂ ಅವರ ದನಿಯಲ್ಲಿಯೇ ಆಡಿಸಬಲ್ಲವು. ಗಂಟೆಗೂ ಮಿಗಿಲಾದ ಅಜ್ಜಿಯ ದನಿ ಕೈಯಲ್ಲಿದೆ. ಉಳಿದ ನುಡಿಗಳ ಮಾತು ಯಾರಿಗಾದರೂ ತಿಳಿದಿದ್ದರೆ, ಅಜ್ಜಿಯಿಂದಲೇ ಹಾಡಿಸಿಬಿಡಬಹುದು. ರಾಯರು ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಆಸೆಯಿರಲಿಲ್ಲವೆಂದಲ್ಲ. ಕಡೆಗೆ, “ಅಮ್ಮ ಎಂದೂ ಹಾಡದ್ದನ್ನು ಅಮ್ಮನ ಬಾಯಲ್ಲಿ ಹಾಕುವುದು ಬೇಡಪ್ಪ. ಬಿಟ್ಟುಹೋದ ಕಡೆ ಬಿಟ್ಟುಹೋದಂತೆಯೇ ಇರಲಿ” ಎಂದರು. ಯಂತ್ರವು ಕ್ಷಣದ ಸಾವಿರದೊಂದು ಭಾಗವನ್ನು ಊಹಿಸಿ ತುಂಬಿದಾಗ ಯಾರೂ ಆಕ್ಷೇಪಿಸಿರಲಿಲ್ಲ. ಮೂರು ನುಡಿಗಳನ್ನು ತುಂಬುವಾಗ ಮನಸ್ಸು ಒಡಂಬಡಲಿಲ್ಲ. ಈ ಎರಡರ ನಡುವೆ ಗೆರೆ ಎಲ್ಲಿ ಬೀಳುತ್ತದೆಂದು ತರ್ಕದಿಂದ ಹೇಳುವುದು ಕಷ್ಟ. ಆದರೂ ರಾಯರು ಎಳೆದ ಕಡೆಯಲ್ಲಿಯೇ ಅದು ಇರಬೇಕೆಂದು ತೋರುತ್ತದೆ.

ಸಿಕ್ಕಿದ್ದನ್ನು ಒಂದೇ ಕಡೆ ಇಡುವ ತಪ್ಪನ್ನು ಈ ಸಲ ಮಾಡಲಿಲ್ಲ. ಮೂರು ಊರುಗಳಲ್ಲಿ ಮೂವರ ಬಳಿ ಪ್ರತಿಗಳಿವೆ. ವರ್ಷಕ್ಕೊಮ್ಮೆ, ಅಜ್ಜಿಯ ತಿಥಿಯ ದಿನ, ಮೂರನ್ನೂ ಹಾಕಿ ಕೇಳಿ, ಬೇಕಾದರೆ ಹೊಸದಾಗಿ ನಕಲು ಮಾಡಿಕೊಳ್ಳತಕ್ಕದ್ದೆಂದು ಗೊತ್ತುಮಾಡಿದ್ದಾರೆ. ಹಿಂದೆ ಓಲೆಗರಿ ಜೀರ್ಣವಾಗುವ ಮೊದಲೇ ಹೊಸ ಗರಿಗೆ ಇಳಿಸುತ್ತಿದ್ದ ಮನೆಗಳಿಗೆ ಇದು ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಹೆಣ್ಣೊಪ್ಪಿಸುವ ಹಾಡಿನ ಮಾತು ಇನ್ನೂ ಸ್ವಲ್ಪ ಉಳಿಯಿತು. ಅಜ್ಜಿಯ ಓರಗಿತ್ತಿ, ಎಂಬತ್ತೆಂಟು ವರ್ಷದ ಚಿಕ್ಕಜ್ಜಿ, ಮದುವೆಗೆ ನಾಲ್ಕು ದಿನ ಮೊದಲೇ ಬಂದಿಳಿದಿದ್ದರು. ಆ ಕುಂಟುವ ಎರಡು ನುಡಿಗಳನ್ನು ಅವರಿಗೆ ಕೇಳಿಸಿದರು. ಮೊದಲು ಕಣ್ಣೊರಸಿಕೊಂಡರು. ಎರಡನೆಯ ಸಲ ಕೇಳಿಸಿದಾಗ, “ಅಕ್ಕ ಇಲ್ಲಿ ತಪ್ಪಿದ್ದಾಳೆ. ನಮ್ಮತ್ತೆ ಹೇಳಿಕೊಟ್ಟಿದ್ದು ಹೀಗಲ್ಲ” ಎಂದರು. ಮುಂದಿನ ನುಡಿಗಳನ್ನು ಹಾಡಿರೆಂದರೆ, ನಡುವಿನಿಂದ ಎತ್ತಲು ತಮಗೆ ಬರುವುದಿಲ್ಲವೆಂದು ಮೊದಲಿನಿಂದ ಎತ್ತಿಕೊಂಡು ಕಡೆಯವರೆಗೂ ಹಾಡಿಯೇ ಬಿಟ್ಟರು. ಧಾಟಿ ಅಜ್ಜಿಯದೇ, ಒಂದೆರಡು ಮಾತು ಬೇರೆ. ರಾಯರ ಹೆಂಡತಿಯು ಬರೆದುಕೊಂಡರು. ಮದುಮಗಳು ಬೇಡ ಬೇಡವೆಂದರೂ ಕೇಳದೆ ಫೋನಿನಲ್ಲಿ ಮುದ್ರಿಸಿಕೊಂಡಳು. ಮದುವೆಯ ದಿನ ಹುಡುಗನು ಅಜ್ಜಿಯ ಹಾಡನ್ನು ಹಾಕಲು ಎಲ್ಲವನ್ನೂ ಅಣಿಮಾಡಿಕೊಂಡಿದ್ದನು. ಹಾಕುವಷ್ಟರಲ್ಲಿ ಚಿಕ್ಕಜ್ಜಿಯೇ ಎತ್ತಿಕೊಂಡರು. ಕಲಿತಿದ್ದ ನಾಲ್ಕು ಹೆಂಗಸರು ದನಿಗೂಡಿಸಿದರು. ಯಂತ್ರ ಕೈಯಲ್ಲಿಯೇ ಉಳಿಯಿತು. ಎರಡನೆಯ ನುಡಿಯಲ್ಲಿ ಮಾತ್ರ ರಾಯರ ಹೆಂಡತಿ ಅತ್ತೆಯ ಮಾತನ್ನೇ ಹಿಡಿದರು, ಚಿಕ್ಕಜ್ಜಿ ತಮ್ಮದನ್ನು ಬಿಡಲಿಲ್ಲ.

ಈಗ ಆ ಮನೆಯ ಹಾಡಿನ ಪುಸ್ತಕದಲ್ಲಿ ಆ ಸಾಲಿನ ಎದುರಿಗೆ ಎರಡು ಪಾಠಗಳನ್ನೂ ಬರೆದಿಟ್ಟಿದ್ದಾರೆ. ಯಾವುದು ಸರಿಯೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಚಿಕ್ಕಜ್ಜಿಯ ಪಕ್ಷಕ್ಕೆ ಜನ ಹೆಚ್ಚೆಂದು ಕೇಳಿಕೆ.